‘ಸ್ವಲ್ಪ ಮಾತ್ರ ಆಯಿತು, ಬಸಿರಿರಬಹುದೇ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೂಡಿಗೆರೆ ಸೀಮೆಯ ಆರೋಗ್ಯ ಉಪಕೇಂದ್ರಗಳಲ್ಲಿ ಬಹುಕಾಲ ಕೆಲಸ ಮಾಡಿದವಳಾದ್ದರಿಂದ, ನಿವೃತ್ತಳಾದ ಮೇಲೂ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಫೋನಿನಲ್ಲಿ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ನಿಂತಿಲ್ಲ. ಹೆಚ್ಚು ಸಲ ಬರುವ ಪ್ರಶ್ನೆ ಇದು: “ಸಿಸ್ಟರ್, ಈ ಸಲ ಡೇಟ್ ಸರಿಯಾಗಿ ಆಗಲಿಲ್ಲ, ಸ್ವಲ್ಪ ಕಲೆ ಕಾಣಿಸಿ ನಿಂತುಹೋಯಿತು, ಬಸಿರಿರಬಹುದಾ?” ಕೇಳುವವರಲ್ಲಿ ಮಗುವಿಗಾಗಿ ವರ್ಷಗಟ್ಟಲೆ ಕಾದವರೂ ಇರುತ್ತಾರೆ, ಈಗ ಬೇಡವೆಂದು ಹೆದರಿದವರೂ ಇರುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಹೋದ ರಕ್ತವನ್ನು ನೋಡಿ ಗರ್ಭ ನಿಂತಿದೆ ಎಂದಾಗಲಿ, ನಿಂತಿಲ್ಲ ಎಂದಾಗಲಿ ಯಾರೂ ಹೇಳಲಾರರು; ಸರಿಯಾದ ಸಮಯಕ್ಕೆ ಮಾಡಿದ ಮೂತ್ರ ಪರೀಕ್ಷೆ ಹೇಳುತ್ತದೆ. ಈ ಎರಡು ತಪ್ಪು ತೀರ್ಮಾನಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು, ‘ರಕ್ತ ಹೋಗಿದೆಯಲ್ಲ, ಹಾಗಾದರೆ ಬಸಿರಲ್ಲ’ ಎಂದು ನಿಶ್ಚಿಂತರಾಗಿಬಿಡುವುದು.

ಮೊದಲು ದೇಹದ ಲೆಕ್ಕವನ್ನು ತಿಳಿದುಕೊಳ್ಳಬೇಕು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗೆ 28 ದಿನ ಎಂದು ಪುಸ್ತಕದಲ್ಲಿ ಬರೆದಿದ್ದರೂ 21ರಿಂದ 35 ದಿನಗಳ ಒಳಗೆ ಬರುವುದೆಲ್ಲ ಸಾಮಾನ್ಯವೇ. ಅಂಡಾಣು ಬಿಡುಗಡೆಯಾದ ನಂತರ ಮುಟ್ಟಾಗುವವರೆಗಿನ ಅವಧಿ ಹೆಚ್ಚುಕಡಿಮೆ 14 ದಿನ. ಏರುಪೇರಾಗುವುದು ಅದಕ್ಕೆ ಮೊದಲಿನ ಅವಧಿ. ಹಾಗಾಗಿ 40 ದಿನಕ್ಕೊಮ್ಮೆ ಮುಟ್ಟಾಗುವ ಹೆಂಗಸಿಗೆ ಅಂಡಾಣು ಬರುವುದು ಸುಮಾರು 26ನೆಯ ದಿನ. ಅವಳು ನೆರೆಮನೆಯವಳ ಲೆಕ್ಕದಲ್ಲಿ 30ನೆಯ ದಿನವೇ ‘ತಪ್ಪಿತು’ ಎಂದು ಪರೀಕ್ಷೆ ಮಾಡಿಕೊಂಡರೆ, ಬಸಿರಾಗಿದ್ದರೂ ಪರೀಕ್ಷೆಯ ಕಡ್ಡಿಯಲ್ಲಿ ಒಂದೇ ಗೆರೆ ಬಂದು, ಬಸಿರಿಲ್ಲ ಎಂದೇ ತೋರಿಸುತ್ತದೆ.

ಅಂಡಾಣು ಬಿಡುಗಡೆಯಾಗಿ ಸುಮಾರು 6ರಿಂದ 12 ದಿನಗಳಲ್ಲಿ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಆ ದಿನಗಳಲ್ಲಿ ಕೆಲವರಿಗೆ ತಿಳಿಗುಲಾಬಿ ಅಥವಾ ಕಂದು ಬಣ್ಣದ ಒಂದೆರಡು ಹನಿ ಕಾಣಿಸಿ, ಪ್ಯಾಡ್ ನೆನೆಯುವಷ್ಟೂ ಆಗದೆ, ಒಂದೆರಡು ದಿನದಲ್ಲಿ ನಿಂತುಹೋಗಬಹುದು. ಮುಟ್ಟಾಗಬೇಕಾದ ದಿನಕ್ಕೆ ತೀರ ಹತ್ತಿರದಲ್ಲಿಯೇ ಇದು ಕಾಣಿಸುವುದರಿಂದ ಗೊಂದಲವಾಗುವುದು ಸಹಜ. ಆದರೆ ಬಸಿರಾದ ಬಹುಪಾಲು ಹೆಂಗಸರಿಗೆ ಇಂತಹ ಕಲೆ ಕಾಣಿಸುವುದೇ ಇಲ್ಲ. ಕಂಡವರಲ್ಲಿಯೂ ಅದಕ್ಕೆ ಭ್ರೂಣ ಅಂಟಿಕೊಂಡದ್ದೇ ಕಾರಣ ಎಂಬುದು ಗಟ್ಟಿಯಾಗಿ ಸಾಬೀತಾಗಿಲ್ಲ. ಆದ್ದರಿಂದ ಮೊಬೈಲಿನಲ್ಲಿ ಬಣ್ಣದ ಪಟ್ಟಿಗಳನ್ನು ನೋಡಿಕೊಂಡು ಬಟ್ಟೆಯ ಮೇಲಿನ ಕಲೆಯನ್ನು ಅದಕ್ಕೆ ಹೋಲಿಸಿ ರಾತ್ರಿಯಿಡೀ ಕೊರಗಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪರೀಕ್ಷೆ ಸುಲಭ. ಭ್ರೂಣ ಅಂಟಿಕೊಂಡ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಬಂದು, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ಕಿಟ್ ಗುರುತಿಸುವುದು ಅದನ್ನೇ. ಆಶಾ ಕಾರ್ಯಕರ್ತೆಯರ ಬಳಿ ಮತ್ತು ಉಪಕೇಂದ್ರಗಳಲ್ಲಿ ‘ನಿಶ್ಚಯ್’ ಎಂಬ ಸರ್ಕಾರಿ ಕಿಟ್ ಇರುತ್ತದೆ, ಮೆಡಿಕಲ್ ಶಾಪಿನಲ್ಲಿಯೂ ಬೇರೆ ಬೇರೆ ಕಂಪನಿಯವು ಸಿಗುತ್ತವೆ. ಬೆಳಿಗ್ಗೆಯ ಮೊದಲ ಮೂತ್ರ ಗಾಢವಾಗಿರುವುದರಿಂದ ಅದೇ ಉತ್ತಮ. ‘ಸಿ’ ಎಂಬಲ್ಲಿ ಮಾತ್ರ ಗೆರೆ ಬಂದರೆ ಇಲ್ಲ, ‘ಸಿ’ ಮತ್ತು ‘ಟಿ’ ಎರಡರಲ್ಲಿಯೂ ಬಂದರೆ ಇದೆ, ‘ಸಿ’ಯಲ್ಲಿ ಗೆರೆಯೇ ಬರದಿದ್ದರೆ ಆ ಕಿಟ್ ಕೆಟ್ಟಿದೆ ಎಂದರ್ಥ. ಎರಡನೆಯ ಗೆರೆ ಮಸುಕಾಗಿದ್ದರೆ ಎರಡು ಮೂರು ದಿನ ಬಿಟ್ಟು ಮತ್ತೆ ನೋಡಬೇಕು. ಮುಟ್ಟು ತಪ್ಪಿದ ದಿನದಂದು ಗೆರೆ ಬಾರದೆ, ಮುಟ್ಟೂ ಆಗದೆ ಹೋದರೆ ಒಂದು ವಾರದ ನಂತರ ಮರುಪರೀಕ್ಷೆ ಮಾಡಬೇಕು. ತಿಂಗಳ ಲೆಕ್ಕವೇ ಇಲ್ಲದವರಿಗೆ ಇನ್ನೊಂದು ದಾರಿಯಿದೆ: ಕೊನೆಯ ಸಲ ಗಂಡನೊಡನೆ ಅಥವಾ ಸಂಗಾತಿಯೊಡನೆ ಯಾವ ರಕ್ಷಣೆಯೂ ಇಲ್ಲದೆ ಸೇರಿದ ದಿನದಿಂದ 21 ದಿನ ಎಣಿಸಿ ಪರೀಕ್ಷಿಸಿದರೆ, ಫಲಿತಾಂಶವನ್ನು ನಂಬಬಹುದು.

ಬಸಿರಲ್ಲ ಎಂದಾದರೆ ಮತ್ತೇಕೆ ಹೀಗಾಯಿತು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆ ನಾನು ಮೊದಲು ವಿಚಾರಿಸುವುದು ಮಾತ್ರೆಗಳ ಬಗ್ಗೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುವುದರಿಂದ ಆ ದಿನಗಳಲ್ಲಿ, ಹಾಗೆಯೇ ಗೌರಿಹಬ್ಬ, ಗೃಹಪ್ರವೇಶ, ಮದುವೆಗಳ ಹೊತ್ತಿನಲ್ಲಿ, ಮುಟ್ಟನ್ನು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ನುಂಗುವವರು ಬಹಳ. ಅದರಲ್ಲಿರುವುದು ನೊರೆಥಿಸ್ಟೆರೋನ್ ಎಂಬ ಹಾರ್ಮೋನು. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ರಕ್ತ ಹೋಗುತ್ತದೆ. ನಡುವೆ ಒಂದು ಹೊತ್ತು ತಪ್ಪಿಸಿದರೆ ಆಗಲೇ ಕಲೆ ಕಾಣಿಸಬಹುದು. ಈ ಮಾತ್ರೆ ಗರ್ಭವನ್ನು ತಡೆಯುತ್ತದೆ ಎಂದು ನಂಬಿಕೊಂಡವರಿದ್ದಾರೆ, ಅದು ತಪ್ಪು. ನಿಲ್ಲಿಸಿ ವಾರವಾದರೂ ಮುಟ್ಟಾಗದಿದ್ದರೆ ಪರೀಕ್ಷೆ ಮಾಡಿಕೊಳ್ಳಲೇಬೇಕು. ದೇವಿಯ ದರ್ಶನಕ್ಕಾಗಿ ಹೆಣ್ಣುಮಕ್ಕಳು ಇಷ್ಟೆಲ್ಲ ಮಾತ್ರೆ ನುಂಗಬೇಕಾದ ಕಟ್ಟುಪಾಡು ಸಡಿಲವಾಗಲಿ ಎಂಬುದು ನನ್ನ ಆಸೆ, ಆದರೆ ಅದು ಬೇರೆಯೇ ಚರ್ಚೆ.

ತುರ್ತು ಗರ್ಭನಿರೋಧಕ ಮಾತ್ರೆಯದು ಇನ್ನೂ ಹೆಚ್ಚು ದಾರಿ ತಪ್ಪಿಸುವ ವಿಷಯ. ಸಂಭೋಗದ ನಂತರ 72 ಗಂಟೆಗಳ ಒಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಎಂಬಂತೆ ತೆಗೆದುಕೊಳ್ಳುವ ಈ ಮಾತ್ರೆಯಿಂದ ಕೆಲವರಿಗೆ ಕೆಲವೇ ದಿನಗಳಲ್ಲಿ ರಕ್ತ ಕಾಣಿಸುತ್ತದೆ. ಅದನ್ನು ಮುಟ್ಟೆಂದು ತಿಳಿದು ‘ಮಾತ್ರೆ ಕೆಲಸ ಮಾಡಿತು’ ಎಂದು ನೆಮ್ಮದಿಪಡುವ ಕಾಲೇಜು ಹುಡುಗಿಯರು ಮುಂದಿನ ತಿಂಗಳು ಗಾಬರಿಯಾಗಿ ಫೋನ್ ಮಾಡುತ್ತಾರೆ. ಮಾತ್ರೆ ನುಂಗಿದ ಮೂರು ವಾರಗಳ ನಂತರ ಪರೀಕ್ಷೆ ಮಾಡಿದಾಗಲೇ ನಿಜ ತಿಳಿಯುವುದು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ‘ಅಂತರಾ’ ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುವುದು, ಆಮೇಲೆ ಮುಟ್ಟೇ ನಿಲ್ಲುವುದು ಎರಡೂ ಉಂಟು. ವಾರದ ಲೆಕ್ಕದಲ್ಲಿ ನುಂಗುವ ‘ಛಾಯಾ’ ಎಂಬ ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನು ಇಲ್ಲದಿದ್ದರೂ ಮುಟ್ಟು ಕಡಿಮೆಯಾಗುತ್ತದೆ, ತಡವಾಗುತ್ತದೆ. 15 ದಿನಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಬೇಕು.

ಉಳಿದ ಕಾರಣಗಳೂ ಕಡಿಮೆಯೇನಲ್ಲ. ಮೈನೆರೆದ ಮೊದಲ ಎರಡು ಮೂರು ವರ್ಷ, ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಏರುಪೇರಾಗುವುದು ಸಾಮಾನ್ಯ. ಪಿಸಿಓಡಿ ಎಂಬ ಅಂಡಾಶಯದ ತೊಂದರೆ, ಥೈರಾಯ್ಡ್, ತೂಕ ಬೇಗನೆ ಏರುವುದು ಅಥವಾ ಇಳಿಯುವುದು, ತೀರದ ಚಿಂತೆ, ಗರ್ಭಕೋಶದ ಗಡ್ಡೆ, ಗರ್ಭಕೊರಳಿನ ಸೋಂಕು ಇವುಗಳಲ್ಲಿ ಯಾವುದಾದರೂ ಇರಬಹುದು, ಪತ್ತೆ ಮಾಡುವುದು ವೈದ್ಯರ ಕೆಲಸ. ಸಂಭೋಗದ ನಂತರ ಪ್ರತಿ ಸಲವೂ ರಕ್ತ ಕಾಣಿಸುವವರು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡವರು ತಡಮಾಡದೆ ತೋರಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಮುಖ್ಯ. ಎದೆಹಾಲು ಕೊಡುವ ತಾಯಂದಿರು ‘ಇನ್ನೂ ಮುಟ್ಟೇ ಆಗಿಲ್ಲ’ ಎಂದು ನಂಬಿ ಕುಳಿತಿರುತ್ತಾರೆ. ಹೆರಿಗೆಯ ನಂತರದ ಮೊದಲ ಮುಟ್ಟಿಗೂ ಮುಂಚೆಯೇ ಅಂಡಾಣು ಬರಬಹುದಾದ್ದರಿಂದ ಮುಟ್ಟನ್ನೇ ಕಾಣದೆ ಮತ್ತೆ ಬಸಿರಾಗುವುದು ಸಾಧ್ಯ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಪರೀಕ್ಷೆಯಲ್ಲಿ ಎರಡು ಗೆರೆ ಬಂದ ಮೇಲೂ ರಕ್ತ ಕಾಣಿಸಬಹುದು. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ಕಾಣಿಸುತ್ತದೆ, ಅವರಲ್ಲಿ ಅನೇಕರ ಬಸಿರು ಮುಂದುವರಿದು ಹೆರಿಗೆ ಚೆನ್ನಾಗಿಯೇ ಆಗುತ್ತದೆ. ಕೆಲವರಿಗೆ ಅದು ಗರ್ಭಪಾತದ ಆರಂಭವಾಗಿರುತ್ತದೆ, ಆಗ ಭಾರ ಎತ್ತಿದ್ದಕ್ಕೆ, ಬಸ್ಸಿನಲ್ಲಿ ಹೋದದ್ದಕ್ಕೆ ಎಂದು ಅವಳನ್ನು ಮನೆಯವರು ದೂರಬಾರದು, ಏಕೆಂದರೆ ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಹೆಚ್ಚಿನವು ಭ್ರೂಣದ ವರ್ಣತಂತುಗಳ ದೋಷದಿಂದ ಆಗುವಂಥವು. ಆದರೆ ನೂರು ಬಸಿರುಗಳಲ್ಲಿ ಒಂದೋ ಎರಡೋ ಗರ್ಭಕೋಶದಲ್ಲಿ ಬೆಳೆಯದೆ ಅಂಡನಾಳದಲ್ಲಿ ಬೆಳೆಯುತ್ತವೆ. ಅಲ್ಲಿ ಕಾಣುವುದೂ ಅದೇ ಕಂದು ಕಲೆ, ಅದೇ ಅಲ್ಪ ರಕ್ತ. ಜೊತೆಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಬಿಡದ ನೋವಿರುತ್ತದೆ. ನಾಳ ಒಡೆದರೆ ರಕ್ತ ಹೊರಗೆ ಹೋಗುವುದಕ್ಕಿಂತ ಹೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ. ಅದು ಎದೆ ಮತ್ತು ಹೊಟ್ಟೆಯ ನಡುವಿನ ಪದರವಾದ ವಪೆಯನ್ನು ಕೆರಳಿಸುವುದರಿಂದ ಭುಜದ ತುದಿಯಲ್ಲಿ ನೋವು ಬರುತ್ತದೆ, ತಲೆ ಸುತ್ತುತ್ತದೆ, ಕಣ್ಣು ಕತ್ತಲಾಗುತ್ತದೆ.

ಕಾಫಿ ಕುಯ್ಲಿನ ಕಾಲದಲ್ಲಿ ಬುಟ್ಟಿ ಕಟ್ಟಿಕೊಂಡು ದಿನವಿಡೀ ಹಣ್ಣು ಕೊಯ್ಯುವ, ಮೂಟೆ ಹೊರುವ ಹೆಂಗಸಿಗೆ ಭುಜ ನೋಯುವುದು, ಸೊಂಟ ನೋಯುವುದು ಹೊಸದೇನಲ್ಲ. ಅದಕ್ಕೇ ಇದನ್ನು ಕಡೆಗಣಿಸುವುದು ಸುಲಭ. ಬಣಕಲ್, ಕಳಸ, ಕೊಪ್ಪದ ಒಳಗಿನ ತೋಟದ ಲೈನ್ ಮನೆಗಳಿಂದ ಸ್ಕ್ಯಾನಿಂಗ್ ಮತ್ತು ಆಪರೇಷನ್ ಎರಡೂ ಇರುವ ಆಸ್ಪತ್ರೆಯನ್ನು ತಲುಪಲು ಮಳೆಗಾಲದಲ್ಲಿ ಗಂಟೆಗಟ್ಟಲೆ ಬೇಕಾಗುತ್ತದೆ. ಆದ್ದರಿಂದ ಮುಟ್ಟು ತಪ್ಪಿದ ಅಥವಾ ಎರಡು ಗೆರೆ ಬಂದ ಹೆಂಗಸಿಗೆ ಒಂದು ಬದಿಯ ಹೊಟ್ಟೆನೋವು ಶುರುವಾದರೆ ‘ಬೆಳಗಾಗಲಿ ನೋಡೋಣ’ ಎನ್ನದೆ ಕೂಡಲೇ ಹೊರಡಬೇಕು. ತಲೆಸುತ್ತು ಬಂದು ಬಿದ್ದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಬೇಕು. ಒಂದು ಗಂಟೆಗೆ ಒಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋಗುತ್ತಿದ್ದರೂ ಹಾಗೆಯೇ. ಸಂತಾನಹರಣ ಆಪರೇಷನ್ ಆಗಿದೆ, ಕಾಪರ್ ಟಿ ಇದೆ ಎಂಬ ಕಾರಣಕ್ಕೆ ಪರೀಕ್ಷೆ ಬೇಡವೆನ್ನುವವರು ಇದನ್ನು ಗಮನಿಸಬೇಕು: ಅವು ವಿಫಲವಾಗುವುದು ಅಪರೂಪ, ಆದರೆ ವಿಫಲವಾದಾಗ ಬಸಿರು ನಾಳದಲ್ಲಿ ನಿಲ್ಲುವ ಸಂಭವ ಬೇರೆಯವರಿಗಿಂತ ಹೆಚ್ಚು.

ಇದೇ ಕಾರಣಕ್ಕೆ, ಬಸಿರು ಬೇಡವಾದವರು ಗರ್ಭಪಾತದ ಮಾತ್ರೆಯನ್ನು ಯಾರ ಕೈಲೋ ತರಿಸಿ ನುಂಗುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಾಳದ ಬಸಿರಿಗೆ ಆ ಮಾತ್ರೆ ನಾಟುವುದಿಲ್ಲ. ರಕ್ತ ಮಾತ್ರ ಹೋಗಿ, ಎಲ್ಲ ಮುಗಿಯಿತು ಎಂಬ ಭ್ರಮೆ ಹುಟ್ಟುತ್ತದೆ. ಪರಂಗಿ ಹಣ್ಣು, ಕರಿಎಳ್ಳು ತಿಂದು ಮುಟ್ಟಿಗಾಗಿ ಕಾಯುವವರಿಗೂ ನಷ್ಟವಾಗುವುದು ಅಮೂಲ್ಯವಾದ ವಾರಗಳು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಗರ್ಭನಿರೋಧಕ ವಿಫಲವಾದ ಕಾರಣಕ್ಕೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇರೆಗೆ ಗರ್ಭಪಾತ ಮಾಡಿಸಿಕೊಳ್ಳುವ ಅವಕಾಶ ಮದುವೆಯಾಗದವರಿಗೂ ಇದೆ. 18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಅವಳ ಹೆಸರನ್ನು ಗುಟ್ಟಾಗಿಡುವುದು ಕಾನೂನಿನ ಕಟ್ಟಳೆ.

ವೈದ್ಯರ ಬಳಿ ಹೋಗುವಾಗ ಕಳೆದ ಮೂರ್ನಾಲ್ಕು ತಿಂಗಳು ರಕ್ತ ಕಾಣಿಸಿದ ದಿನಗಳನ್ನು ಬರೆದುಕೊಂಡು, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮೊದಲೇ ಹೇಳಿ, ಮುಂದಿನ ಬಸಿರಿನ ಮಗುವಿಗೆ ತೊಂದರೆಯಾಗದಂತೆ ಕೊಡುವ ಆಂಟಿ ಡಿ ಚುಚ್ಚುಮದ್ದು ಬೇಕಾಗಬಹುದು. ತಿಂಗಳ ಲೆಕ್ಕ ಸರಿಯಿಲ್ಲದವರಿಗೆ ಬಹಳ ಬೇಗ ಮಾಡಿದ ಸ್ಕ್ಯಾನಿಂಗಿನಲ್ಲಿ ಏನೂ ಕಾಣಿಸದೆ ಇರಬಹುದು. ಅಷ್ಟಕ್ಕೇ ಬಸಿರು ನಿಂತಿಲ್ಲ ಎಂದು ಹೇಳಿಸಿಕೊಂಡು ಬರದೆ, ರಕ್ತದಲ್ಲಿ ಎಚ್‌ಸಿಜಿ ಪ್ರಮಾಣವನ್ನು 48 ಗಂಟೆಗಳ ಅಂತರದಲ್ಲಿ ಎರಡು ಸಲ ನೋಡಬೇಕೇ, ಸ್ಕ್ಯಾನಿಂಗಿಗೆ ಮತ್ತೆ ಯಾವಾಗ ಬರಬೇಕು ಎಂಬುದನ್ನು ಕೇಳಿ, ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.