ಸಂಖ್ಯಾಶಾಸ್ತ್ರದ ಕ್ರೆಡಿಟ್‌ಗಳು ಬೇರೆ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುತ್ತವೆಯೇ?

ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಯ ಕೋರ್ಸ್ ಮುಗಿಸಿ ಇನ್ನೊಂದಕ್ಕೆ ಸೇರುವವರು, ಅದನ್ನೇ ಮತ್ತೆ ಓದಬೇಕೇ ಎಂದು ನನ್ನನ್ನು ಆಗಾಗ ಕೇಳುತ್ತಾರೆ. ನಾನು ಮೊದಲು ಕೇಳುವ ಮರುಪ್ರಶ್ನೆ ಒಂದೇ: ಆ ಕೋರ್ಸಿನಲ್ಲಿ ಕಲನಶಾಸ್ತ್ರವನ್ನು ಬಳಸಿದ್ದರೇ?

ಒಂದೇ ಹೆಸರಿನಡಿ ಎರಡು ಬಗೆಯ ಕೋರ್ಸ್‌ಗಳು ನಡೆಯುತ್ತವೆ. ಸಮಾಜವಿಜ್ಞಾನ, ವಾಣಿಜ್ಯ ಮುಂತಾದ ವಿಭಾಗಗಳಿಗಾಗಿ ರೂಪಿಸಿದ ಕೋರ್ಸಿನಲ್ಲಿ ಸರಾಸರಿ, ಪ್ರಮಾಣಿತ ವಿಚಲನೆ, ಪ್ರಸಾಮಾನ್ಯ ವಿತರಣೆಯ ಕೋಷ್ಟಕವನ್ನು ನೋಡಿ ಉತ್ತರಿಸುವ ಲೆಕ್ಕಗಳು ಇರುತ್ತವೆ. ಗಣಿತ ಮತ್ತು ಎಂಜಿನಿಯರಿಂಗ್ ವಿಭಾಗಗಳ ಕೋರ್ಸ್ ಸಾಮಾನ್ಯವಾಗಿ ಸಾಂದ್ರತಾ ಫಲನದ (ಚಲಕದ ಬೆಲೆಗಳ ಮೇಲೆ ಸಂಭವನೀಯತೆ ಹೇಗೆ ಹಂಚಿಹೋಗಿದೆ ಎಂದು ತಿಳಿಸುವ ಸೂತ್ರದ) ಅನುಕಲನವನ್ನೇ, ಅಂದರೆ ಕಲನಶಾಸ್ತ್ರವನ್ನೇ, ಆಧಾರವಾಗಿಟ್ಟುಕೊಂಡಿರುತ್ತದೆ. 0ಯಿಂದ 1ರವರೆಗೆ ಸಾಂದ್ರತಾ ಫಲನವು 2ಎಕ್ಸ್ ಆಗಿರುವ ಚಲಕದ ಬೆಲೆ ಅರ್ಧಕ್ಕಿಂತ ಹೆಚ್ಚಾಗುವ ಸಂಭವನೀಯತೆ ಎಷ್ಟು ಎಂದು ಕೇಳಿದರೆ, ಎರಡನೆಯ ಬಗೆಯ ಕೋರ್ಸ್ ಓದಿದವರು ಅನುಕಲಿಸಿ 3/4 ಎನ್ನುತ್ತಾರೆ. ಮೊದಲನೆಯದನ್ನು ಮಾತ್ರ ಓದಿದವರಿಗೆ ಪ್ರಶ್ನೆಯೇ ಹೊಸದು. ಮೊದಲ ಬಗೆಯದು ಕೀಳೆಂದು ನಾನು ಹೇಳುತ್ತಿಲ್ಲ. ಮಾದರಿ ಆಯ್ಕೆಯಲ್ಲಿ ನುಸುಳುವ ಪಕ್ಷಪಾತವನ್ನು ಎಷ್ಟೋ ಸಲ ಅಲ್ಲಿಯೇ ಚೆನ್ನಾಗಿ ಕಲಿಸುತ್ತಾರೆ.

ಕ್ರೆಡಿಟ್‌ಗಳ ಸಂಖ್ಯೆಯೂ ತೊಡಕು ತರಬಹುದು. ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯ ಒಂದು ಕ್ರೆಡಿಟ್ಟನ್ನು ಸಾಮಾನ್ಯವಾಗಿ ಸೆಮಿಸ್ಟರ್ ಕ್ರೆಡಿಟ್ಟಿನ ಮೂರರಲ್ಲಿ ಎರಡು ಭಾಗವೆಂದು ಎಣಿಸುವುದರಿಂದ, ಅಲ್ಲಿನ 4 ಕ್ರೆಡಿಟ್ ಇಲ್ಲಿ ಸುಮಾರು 2.67 ಆಗಿ, 3 ಕ್ರೆಡಿಟ್ಟಿನ ಕೋರ್ಸಿಗೆ ಸ್ವಲ್ಪ ಸಾಲದಾಗುತ್ತದೆ.

ಇದಕ್ಕಿಂತ ಮುಖ್ಯವಾದುದು, ಕ್ರೆಡಿಟ್ ಮಾನ್ಯವಾಗಿದೆ ಎಂಬ ಮಾತಿನ ಅರ್ಥವನ್ನು ಬಿಡಿಸಿ ಕೇಳುವುದು. ಅದು ಕಡ್ಡಾಯ ಕೋರ್ಸಿಗೆ ಸಮಾನವೆಂದು ಮಾನ್ಯವಾಗಿರಬಹುದು, ಇಲ್ಲವೇ ಬರಿಯ ಐಚ್ಛಿಕ ವಿಷಯವಾಗಿ ಒಟ್ಟು ಮೊತ್ತಕ್ಕೆ ಸೇರಿರಬಹುದು. ಎರಡನೆಯದಾದರೆ ಕಡ್ಡಾಯ ಕೋರ್ಸನ್ನು ಮತ್ತೆ ಓದಲೇಬೇಕು. ಪ್ರವೇಶ ಕಚೇರಿಯ ಬಾಯಿಮಾತನ್ನು ನಂಬಿ ಕೂರದೆ, ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ. ಅಂಕಪಟ್ಟಿಯ ಜೊತೆಗೆ ನೀವು ಓದಿದ ವರ್ಷದ ವಿವರವಾದ ಪಠ್ಯಕ್ರಮ, ಪಠ್ಯಪುಸ್ತಕದ ಹೆಸರು, ಕಲಿಸಿದ ಅಧ್ಯಾಯಗಳು, ಸಾಧ್ಯವಾದರೆ ಪ್ರಶ್ನೆಪತ್ರಿಕೆಗಳನ್ನೂ ಕೊಡಿ. ಜಂಟಿ ವಿತರಣೆ, ಷರತ್ತುಬದ್ಧ ಸಂಭವನೀಯತೆ, ಕೇಂದ್ರೀಯ ಮಿತಿ ಪ್ರಮೇಯಗಳು ಅದರಲ್ಲಿ ಕಾಣುತ್ತವೆಯೇ ಎಂದು ಪರಿಶೀಲಿಸುವ ಪ್ರಾಧ್ಯಾಪಕರು ನೋಡುತ್ತಾರೆ.

ಕಡ್ಡಾಯ ಕೋರ್ಸಿಗೆ ಸಮಾನವೆಂದು ಒಪ್ಪದಿದ್ದರೆ, ಪರೀಕ್ಷೆ ಬರೆದು ವಿನಾಯಿತಿ ಪಡೆಯುವ ಅವಕಾಶವಿದೆಯೇ ಎಂದು ವಿಚಾರಿಸಿ. ಮುಂದೆ ಯಂತ್ರಕಲಿಕೆಯನ್ನೋ ಗಣಿತೀಯ ಸಂಖ್ಯಾಶಾಸ್ತ್ರವನ್ನೋ ಓದುವ ಉದ್ದೇಶವಿದ್ದು, ಹಿಂದಿನ ಕೋರ್ಸಿನಲ್ಲಿ ಅನುಕಲನ ಇಲ್ಲದೇ ಹೋಗಿದ್ದರೆ, ಕ್ರೆಡಿಟ್ ಮಾನ್ಯವಾದರೂ ಸಂಭವನೀಯತೆಯನ್ನು ಮತ್ತೊಮ್ಮೆ ಓದಿ ಎಂದೇ ನಾನು ಹೇಳುತ್ತೇನೆ.