ಕ್ಯಾಲೆಂಡರ್ ಕಥೆ: ಆರನೇ ವಾರ

ನನ್ನ ಕಥೆ ಓದುವವರು ಒಟ್ಟು ಹದಿನೈದು ಜನ. ಅವರೂ ಕಥೆ ಬರೆಯುವವರೇ! ಅದಕ್ಕೇ, ಬೇರೆಯವರೂ ಓದಲಿ ಅಂತ, ಈ ಸಲ 2026ರ ಗೋಡೆ ಕ್ಯಾಲೆಂಡರನ್ನೇ ಕಥೆ ಮಾಡಲು ಹೊರಟಿದ್ದೇನೆ. ದಪ್ಪ ಅಂಕಿ, ಕೆಂಪು ಭಾನುವಾರ, ತಿಥಿ, ರಾಹುಕಾಲ ಎಲ್ಲ ಮಾಮೂಲು. ಕಥೆ ಇರುವುದು ಮನೆಯಾಕೆ ಚೌಕಗಳಲ್ಲಿ ಗೀಚಿದ ಲೆಕ್ಕದಲ್ಲಿ. ಹಾಲು 1 ಲೀಟರ್, ಸಿಲಿಂಡರ್ ಬಂತು, ಮಲ್ಲಿಗೆ 1 ಮೊಳ. ಜೂನ್‌ನಲ್ಲಿ ಗಂಡ ತೀರಿಕೊಳ್ಳುತ್ತಾನೆ, ಆದರೆ ಎಲ್ಲೂ ಹಾಗಂತ ಬರೆದಿಲ್ಲ. ಹಾಲು ಅರ್ಧ ಲೀಟರಿಗೆ ಇಳಿಯುತ್ತದೆ. ಸೆಪ್ಟೆಂಬರ್ 14, ಗಣೇಶನ ಹಬ್ಬದ ಚೌಕದಲ್ಲಿ 'ಹಬ್ಬ ಇಲ್ಲ'.

ಮೊದಲು ಕೈಬರಹದಂಥ ಫಾಂಟ್ ಹಾಕಿದ್ದೆ. ಮದುವೆ ಕಾರ್ಡಿನ ಹಾಗೆ ಕಾಣಿಸಿತು. ಆಮೇಲೆ ಅಮ್ಮನ ಕೈಲಿ ನೀಲಿ ಬಾಲ್‌ಪೆನ್ನಲ್ಲಿ ಬರೆಸಿ ಸ್ಕ್ಯಾನ್ ಮಾಡಿದೆ. ಈಗ ಸರಿಹೋಯಿತು. ಸ್ವಲ್ಪ ಜಾಸ್ತಿಯೇ ಸರಿಹೋಯಿತು ಅನ್ನಿ.

ಹೋದ ವಾರ ಐದು ಪ್ರತಿ ತೆಗೆಸಿ ಹಂಚಿದೆ. ಪಕ್ಕದ ಮನೆ ಅಜ್ಜಿ, "ಯಾರೋ ಗೀಚಿಬಿಟ್ಟಿರೋದು ಕೊಟ್ಟಿದ್ದೀಯಲ್ಲೇ?" ಅಂದರು. ಮಾರನೇ ದಿನ ಮತ್ತೆ ಕರೆದರು. ಕಥೆ ಹಿಡಿಸಿರಬೇಕು ಅಂತ ಓಡಿದೆ. ಅವರು ಹಿಡಿದಿದ್ದು ನನ್ನ ತಪ್ಪನ್ನು. ಮಂಗಳವಾರದ ರಾಹುಕಾಲ 3ರಿಂದ 4.30 ಅಲ್ವಾ? ನಾನು ಬುಧವಾರದ್ದು, 12ರಿಂದ 1.30, ಅಲ್ಲಿ ಅಂಟಿಸಿದ್ದೆ. ಕಥೆಗಾರರ ಗುಂಪಿನಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೂ ಮಾರುವ ಅಕ್ಕ ತನ್ನ ಪ್ರತಿಯನ್ನು ಗಾಡಿಗೆ ನೇತುಹಾಕಿದ್ದರು. ನಿನ್ನೆ ಸಂಜೆ ಮೊಳ ಅಳೆಯುತ್ತಾ ಕೇಳಿದರು, "ಜೂನ್ ಆದ್ಮೇಲೆ ಮಲ್ಲಿಗೆನೇ ಇಲ್ವಲ್ಲಮ್ಮಾ. ಯಜಮಾನ್ರು ಹೋಗ್ಬಿಟ್ರಾ?"

ನಾನು ಸುಳಿವು ಬಿಟ್ಟಿದ್ದು ಹಾಲಿನಲ್ಲಿ. ಮಲ್ಲಿಗೆ ಬರೆಸುವುದು ಸುಮ್ನೆ ಮರೆತುಹೋಗಿತ್ತು! ಅದನ್ನು ಹೇಳಲಿಲ್ಲ, ತಲೆಯಾಡಿಸಿದೆ. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಆದ್ರೂ ದೇವ್ರಿಗೆ ಬಿಡಿ ಹೂ ತಗೊಳ್ತಾರಲ್ವಾ? ಪಾಪ, ಅದನ್ನೂ ನಿಲ್ಲಿಸಿಬಿಟ್ಟಿದ್ದೀರ."

ಸರಿ, ಜುಲೈ ಹಾಳೆಯಿಂದ 'ಬಿಡಿ ಹೂ' ಸೇರಬೇಕು. ರಾಹುಕಾಲ ಹನ್ನೆರಡು ಪುಟದಲ್ಲೂ ತಿದ್ದಿಯಾಯಿತು. ಆದರೆ ಅಮ್ಮನ ಪೆನ್ನು ಮುಗಿದಿದೆ, ಮೂರು ಅಂಗಡಿ ಸುತ್ತಿದರೂ ಅದೇ ನೀಲಿಯ ಇನ್ನೊಂದು ಸಿಗಲಿಲ್ಲ.