ಗುಬ್ಬಚ್ಚಿಯ ಗಂಟಲಿನ ಕಪ್ಪು

ಚಳಿ ಹಿಂದೆ ಸರಿಯುತ್ತಿದ್ದು, ಕೊಂಬೆಗಳಲ್ಲಿ ಚಿಗುರು ಇನ್ನೂ ಪೂರ್ತಿ ಒಡೆಯದಿರುವ ಈ ಕೆಲವು ವಾರಗಳು ಹಕ್ಕಿಗಳನ್ನು ನೋಡುವುದಕ್ಕೂ ಅವುಗಳ ಚಿತ್ರ ಬಿಡಿಸುವುದಕ್ಕೂ ಹೇಳಿ ಮಾಡಿಸಿದಂಥ ಕಾಲ. ಎಲೆ ದಟ್ಟವಾದ ಮೇಲೆ ದನಿ ಕೇಳಿಸುತ್ತದೆಯೇ ಹೊರತು ಹಕ್ಕಿ ಕಣ್ಣಿಗೆ ಬೀಳುವುದಿಲ್ಲ. ಈಗಲಾದರೆ ಬೋಳು ಕೊಂಬೆಯ ಮೇಲೆ ಕೂತ ಹಕ್ಕಿಯ ಆಕಾರ ಆಕಾಶದ ಎದುರು ನಿಚ್ಚಳವಾಗಿ ಕಾಣುತ್ತದೆ. ಮೇಲಾಗಿ, ಗೂಡಿಗೆ ಜಾಗ ನೋಡಿಟ್ಟುಕೊಂಡ ಗಂಡುಹಕ್ಕಿಗಳು ಕೂಗುವುದಕ್ಕೆಂದು ಅದೇ ಕೊಂಬೆಗೆ, ಅದೇ ತಂತಿಗೆ ದಿನವೂ ಬಂದು ಕೂರುವುದರಿಂದ, ಅರ್ಧಕ್ಕೆ ನಿಂತ ಚಿತ್ರವನ್ನು ಮರುದಿನ ಮುಂದುವರಿಸುವ ಅವಕಾಶವೂ ಸಿಗುತ್ತದೆ. ಹಾಗಾಗಿ ಫೆಬ್ರವರಿಯ ಮೊದಲ ವಾರದಿಂದ ಬೆಳಗಿನ ಮುಕ್ಕಾಲು ಗಂಟೆಯನ್ನು ನಾನು ಕಿಟಕಿಯ ಪಕ್ಕದಲ್ಲಿ, ಒಂದು 2ಬಿ ಪೆನ್ಸಿಲ್ ಮತ್ತು ಗೆರೆಯಿಲ್ಲದ ನೋಟ್‌ಬುಕ್ ಹಿಡಿದು ಕಳೆಯುತ್ತಿದ್ದೇನೆ.

ಜೀವಂತ ಹಕ್ಕಿಯನ್ನು ನೋಡಿಕೊಂಡು ಚಿತ್ರ ಬಿಡಿಸುವವರು ಮೊದಲು ಬಿಡಬೇಕಾದದ್ದು ಗರಿಗಳ ಮೋಹವನ್ನು. ಹಕ್ಕಿ ಒಂದು ಭಂಗಿಯಲ್ಲಿ ಐದಾರು ಸೆಕೆಂಡು ನಿಂತರೆ ಹೆಚ್ಚು. ಅಷ್ಟರಲ್ಲಿ ಕಾಗದಕ್ಕೆ ಇಳಿಯಬೇಕಾದದ್ದು ನೆತ್ತಿಯಿಂದ ಬಾಲದ ತುದಿಯವರೆಗಿನ ಒಂದು ಓರೆಗೆರೆ, ಅದರ ಮೇಲೆ ಮೈಯ ಮೊಟ್ಟೆಯಾಕಾರ, ತಲೆಯ ಗುಂಡು ಮತ್ತು ಕೊಕ್ಕು ಯಾವ ಕಡೆಗಿದೆ ಎಂಬ ಗುರುತು, ಇಷ್ಟೇ. ಆ ಗೆರೆಯ ಓರೆ ಸರಿಯಾಗಿ ಬಂದರೆ, ಉಳಿದದ್ದೇನೂ ಇಲ್ಲದಿದ್ದರೂ, ಅದು ಕಾಗೆಯೋ ಪಾರಿವಾಳವೋ ಎಂದು ದೂರದಿಂದಲೇ ಹೇಳಬಹುದು. ಒಂದೇ ಪುಟದಲ್ಲಿ ಏಳೆಂಟು ಚಿತ್ರಗಳನ್ನು ಆರಂಭಿಸಿ, ಹಕ್ಕಿ ತಿರುಗಿದಾಗಲೆಲ್ಲ ಹೊಸದಕ್ಕೆ ಕೈಹಾಕಿ, ಅದು ಹಳೆಯ ಭಂಗಿಗೆ ಬಂದಾಗ ಹಳೆಯ ಚಿತ್ರಕ್ಕೆ ಮರಳುವುದು ನಾನು ರೂಢಿಸಿಕೊಂಡಿರುವ ಕ್ರಮ. ರಬ್ಬರನ್ನು ಮಾತ್ರ ಡ್ರಾಯರಿನಿಂದ ಹೊರಗೆ ತೆಗೆಯುವುದಿಲ್ಲ. ಅದಕ್ಕೆ ಕಾರಣವಾದದ್ದು ಒಂದು ಗುಬ್ಬಚ್ಚಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಕ್ಕಿಯ ಮೈಯ ರಚನೆ ಸ್ವಲ್ಪವಾದರೂ ತಿಳಿದಿದ್ದರೆ ಆ ಐದು ಸೆಕೆಂಡು ವ್ಯರ್ಥವಾಗುವುದಿಲ್ಲ. ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಮಡಿಚಿದಂತೆ ಕಾಣುವ ಕೀಲು ಅದರ ಮೊಣಕಾಲಲ್ಲ, ನಮ್ಮ ಹಿಮ್ಮಡಿಯ ಮೇಲಿನ ಕೀಲಿಗೆ ಸಮನಾದದ್ದು. ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕದ ಗರಿಗಳೊಳಗೆ ಅಡಗಿರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬಿಡಿಸಲಾರಂಭಿಸಿದ ಮೇಲೆಯೇ ನನ್ನ ಹಕ್ಕಿಗಳು ಕಾಲಿನ ಮೇಲೆ ಭಾರ ಹಾಕಿ ನಿಂತದ್ದು. ಕುತ್ತಿಗೆಯ ವಿಷಯವೂ ಹೀಗೆಯೇ. ಜಿರಾಫೆಯೂ ಸೇರಿದಂತೆ ಹೆಚ್ಚುಕಡಿಮೆ ಎಲ್ಲ ಸಸ್ತನಿಗಳಿಗೆ ಕುತ್ತಿಗೆಯಲ್ಲಿ ಇರುವುದು 7 ಮೂಳೆಗಳಾದರೆ, ಹಕ್ಕಿಗಳಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 13ರಿಂದ 25ರವರೆಗೆ ಇರುತ್ತದೆ. ಗರಿ ಉಬ್ಬಿಸಿಕೊಂಡು ಕೂತ ಪಾರಿವಾಳಕ್ಕೆ ಕುತ್ತಿಗೆಯೇ ಇಲ್ಲವೇನೋ ಎನಿಸಿದರೂ ಒಳಗೆ ಅದು ಬಳುಕಿ ಮಡಿಚಿಕೊಂಡಿರುತ್ತದೆ. ಹಕ್ಕಿ ಬೆಚ್ಚಿದ ಕ್ಷಣದಲ್ಲಿ ಗುಂಡಗಿದ್ದ ಆಕಾರ ಸೀಸೆಯ ಆಕಾರಕ್ಕೆ ತಿರುಗುವುದು ಇದರಿಂದಲೇ.

ಪಾರಿವಾಳದ ನಡಿಗೆಯನ್ನು ಬಿಡಿಸುವುದು ನನಗೆ ಬಹಳ ದಿನ ಕೈಗೆ ಹತ್ತಿರಲಿಲ್ಲ. ಅದು ನಡೆಯುವಾಗ ತಲೆಯನ್ನು ಸದಾ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿರುತ್ತದೆ ಎಂದೇ ನಂಬಿದ್ದೆ. ನಿಜವಾಗಿ ತಲೆ ಹಿಂದಕ್ಕೆ ಹೋಗುವುದೇ ಇಲ್ಲ. ಅದು ಒಮ್ಮೆ ಮುಂದಕ್ಕೆ ಚಾಚಿ ಅಲ್ಲೇ ನಿಲ್ಲುತ್ತದೆ, ಮೈ ಹಿಂದಿನಿಂದ ಬಂದು ಅದನ್ನು ಕೂಡಿಕೊಳ್ಳುತ್ತದೆ. ಕಣ್ಣಿಗೆ ಬೀಳುವ ನೋಟ ಕದಲದಿರಲಿ ಎಂಬುದಕ್ಕಾಗಿ ಈ ಏರ್ಪಾಡು. 1978ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದಾಗ, ಸುತ್ತಲಿನ ನೋಟ ಹಿಂದೆ ಸರಿಯದಿದ್ದುದರಿಂದ, ಅವು ತಲೆ ಆಡಿಸುವುದನ್ನೇ ನಿಲ್ಲಿಸಿದ್ದವು. ಇದನ್ನು ಓದಿದ ಮೇಲೆ ನಾನು ತಲೆ ನಿಂತ ಕ್ಷಣಕ್ಕಾಗಿ ಕಾಯತೊಡಗಿದೆ: ಮೊದಲು ತಲೆಯನ್ನು ಬಿಡಿಸಿ, ಮೈ ಅದರ ಕೆಳಗೆ ಬಂದು ಸೇರುವಾಗ ಉಳಿದದ್ದನ್ನು ಜೋಡಿಸುತ್ತೇನೆ.

ಇನ್ನು ಗುಬ್ಬಚ್ಚಿಯ ವಿಷಯ. ಎದುರಿನ ಗೋಡೆಯಲ್ಲಿರುವ ಒಂದು ಬಿರುಕಿನ ಬಳಿ ದಿನವೂ ಬಂದು ಕೂಗುವ ಗಂಡು ಗುಬ್ಬಚ್ಚಿಯೊಂದರ ಎಡರೆಕ್ಕೆಯಲ್ಲಿ ಒಂದೇ ಒಂದು ಬಿಳಿಯ ಗರಿ ಇದೆ. ಆ ಗುರುತಿನಿಂದಾಗಿ, ಇಂದು ಬಂದದ್ದು ನಿನ್ನೆ ಬಂದದ್ದೇ ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಫೆಬ್ರವರಿಯ ಮೊದಲ ಪುಟಗಳಲ್ಲಿ ಅದರ ಗಂಟಲಿನ ಕಪ್ಪನ್ನು ನಾನು ಅಂಚು ಸರಿಯಾಗಿ ತಿಳಿಯದ, ಬೂದು ಬೆರೆತ, ಹೆಬ್ಬೆಟ್ಟಿನಿಂದ ತೀಡಿದಂಥ ಒಂದು ಚಿಕ್ಕ ಮಚ್ಚೆಯಾಗಿ ಬಿಡಿಸಿದ್ದೆ. ಮೂರು ವಾರ ಕಳೆದ ಮೇಲೆ ಅದೇ ಹಕ್ಕಿಯನ್ನು ಅದೇ ಕೋನದಿಂದ ಬಿಡಿಸಿದಾಗ ಆ ಕಪ್ಪು ಗಂಟಲಿನಿಂದ ಎದೆಯವರೆಗೆ ಇಳಿದಿತ್ತು. ಮೊದಲಿನ ಚಿತ್ರಗಳನ್ನು ಅವಸರದಲ್ಲಿ ಬಿಡಿಸಿ ತಪ್ಪು ಮಾಡಿದೆನೆಂದು ಭಾವಿಸಿ, ರಬ್ಬರ್ ತೆಗೆದುಕೊಂಡು ತಿದ್ದಲು ಕೂತೆ. ಎರಡು ಚಿತ್ರಗಳನ್ನು ತಿದ್ದಿಯೂ ಬಿಟ್ಟೆ. ಮೂರನೆಯದಕ್ಕೆ ಬಂದಾಗ, ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ‘ಗಂಟಲು ಮಾಸಲು, ಕಪ್ಪಿನ ಮೇಲೆ ಬೂದಿ ಉದುರಿಸಿದಂತೆ’ ಎಂದು ಬರೆದಿದ್ದು ಕಂಡು ಕೈ ನಿಂತಿತು.

ಚಿತ್ರ ಸರಿಯಾಗಿಯೇ ಇತ್ತು, ಬದಲಾದದ್ದು ಹಕ್ಕಿ. ಗಂಡು ಗುಬ್ಬಚ್ಚಿ ವಸಂತಕ್ಕೆಂದು ಹೊಸ ಗರಿ ತೊಡುವುದಿಲ್ಲ. ಅದು ವರ್ಷಕ್ಕೊಮ್ಮೆ, ಮರಿ ಮಾಡುವ ಕಾಲ ಮುಗಿದ ಮೇಲೆ ಗರಿ ಬದಲಿಸುತ್ತದೆ. ಆಗ ಬರುವ ಗಂಟಲಿನ ಗರಿಗಳು ಬುಡದಲ್ಲಿ ಕಪ್ಪಾಗಿದ್ದು ತುದಿಯಲ್ಲಿ ಮಾತ್ರ ಬೂದಿಬಣ್ಣವಾಗಿರುತ್ತವೆ. ಚಳಿಗಾಲದುದ್ದಕ್ಕೂ ಆ ತುದಿಗಳು ಸವೆಯುತ್ತ ಹೋಗಿ, ವಸಂತದ ಹೊತ್ತಿಗೆ ಅಡಿಯ ಕಪ್ಪು ತಾನಾಗಿ ಹೊರಗೆ ಬರುತ್ತದೆ. ಸವೆದು ಹಳತಾಗಬೇಕಾದ ಗರಿ ಸವೆದೇ ಹೊಸದಾಗಿ ಕಾಣುವ ಈ ಸಂಗತಿ ನನ್ನನ್ನು ಹಲವು ದಿನ ಹಿಡಿದಿಟ್ಟಿತು. ಅಳಿಸಿದ ಆ ಎರಡು ಚಿತ್ರಗಳ ಬಗ್ಗೆ ನನಗೆ ಇಂದಿಗೂ ವ್ಯಥೆಯಿದೆ. ಸವೆತದ ಮೊದಲ ಹಂತದ ದಾಖಲೆಯಾಗಿ ಇದ್ದವು ಅವೇ, ಅವು ಮತ್ತೆ ಬರುವುದಿಲ್ಲ.

ಕೊಕ್ಕು ಕಪ್ಪಾಗುವ ಬಗೆ ಇದಕ್ಕಿಂತ ಬೇರೆ. ಚಳಿಗಾಲದಲ್ಲಿ ಮಾಸಲು ಕಂದಾಗಿದ್ದ ಅದರ ಕೊಕ್ಕು ಮಾರ್ಚ್ ಹೊತ್ತಿಗೆ ಇದ್ದಿಲಿನಂತೆ ಆಗುವುದು ಹಾರ್ಮೋನಿನ ಪ್ರಭಾವದಿಂದ, ಆ ಹಾರ್ಮೋನನ್ನು ಎಚ್ಚರಿಸುವುದು ಹಗಲು ದೀರ್ಘವಾಗುವುದು. ಹಗಲು ಹೆಚ್ಚುತ್ತಿರುವುದನ್ನು ಹಕ್ಕಿ ಅರಿಯುವುದು ಕಣ್ಣಿನಿಂದಲೇ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ 1968ರಲ್ಲಿ ಗುಬ್ಬಚ್ಚಿಗಳ ಮೇಲೆಯೇ ನಡೆದ ಅಧ್ಯಯನವೊಂದು, ಕಣ್ಣಿಲ್ಲದ ಗುಬ್ಬಚ್ಚಿಗಳೂ ಹಗಲಿನ ಉದ್ದಕ್ಕೆ ಸ್ಪಂದಿಸುತ್ತವೆ ಎಂದು ತೋರಿಸಿತು. ಬೆಳಕು ತಲೆಬುರುಡೆಯನ್ನು ದಾಟಿ ಮಿದುಳಿನ ಆಳದಲ್ಲಿರುವ ಕೋಶಗಳನ್ನು ಮುಟ್ಟುತ್ತದೆ. ತಂತಿಯ ಮೇಲೆ ಎಳೆಬಿಸಿಲಿಗೆ ಮೈಯೊಡ್ಡಿ ಕೂತ ಗುಬ್ಬಚ್ಚಿಯನ್ನು ಬಿಡಿಸುವಾಗ, ನೆತ್ತಿಯ ಮೇಲೆ ಬೆಳಕು ಬೀಳುವ ಜಾಗವನ್ನು ಈಗ ಹೆಚ್ಚು ಜತನದಿಂದ ಖಾಲಿ ಬಿಡುತ್ತೇನೆ.

ಪ್ರತಿ ಪುಟದಲ್ಲೂ ದಿನಾಂಕ, ಗಂಟೆ, ಬಿಸಿಲೋ ಮೋಡವೋ ಎಂಬ ಮೂರು ವಿವರಗಳನ್ನು ಬರೆಯುತ್ತೇನೆ. ಬಣ್ಣವನ್ನು ಪದಗಳಲ್ಲೇ ಗುರುತು ಹಾಕಿಕೊಳ್ಳುತ್ತೇನೆ.

ನಿನ್ನೆ ಬೆಳಗ್ಗೆ ಹೆಣ್ಣು ಗುಬ್ಬಚ್ಚಿ ಪಾರಿವಾಳದ್ದಿರಬಹುದಾದ ಒಂದು ಬಿಳಿಯ ಪುಕ್ಕವನ್ನು ಕೊಕ್ಕಿನಲ್ಲಿ ಹಿಡಿದು ಬಂತು. ಪುಕ್ಕ ಅದರ ಮೈಗಿಂತ ಉದ್ದವಿದ್ದುದರಿಂದ ಬಿರುಕಿನೊಳಗೆ ಅಡ್ಡವಾಗಿ ಹೋಗಲಿಲ್ಲ. ಅದು ಎರಡು ಬಾರಿ ಹಿಂದೆ ಸರಿದು, ಪುಕ್ಕವನ್ನು ಕೆಳಗಿಟ್ಟು, ಬುಡದ ತುದಿಯಿಂದ ಮತ್ತೆ ಹಿಡಿದು ಒಳಗೆ ನುಗ್ಗಿತು. ಇನ್ನು ಮುಂದೆ ಅವು ಗಾಬರಿಯಾಗಬಾರದೆಂದು ಕುರ್ಚಿಯನ್ನು ಕಿಟಕಿಯಿಂದ ಕೋಣೆಯ ಒಳಭಾಗಕ್ಕೆ ಎಳೆದುಕೊಂಡಿದ್ದೇನೆ. ಅಲ್ಲಿಂದ ಗಂಟಲಿನ ಕಪ್ಪು ಸ್ಪಷ್ಟವಾಗಿ ಕಾಣುವುದಿಲ್ಲ. ಇಂದಿನ ಪುಟದಲ್ಲಿ ಇರುವುದು ಗೋಡೆಯ ಬಿರುಕು ಮತ್ತು ಅದರ ಅಂಚಿನಲ್ಲಿ ಇನ್ನೂ ಅರ್ಧ ಹೊರಗೆ ಉಳಿದಿರುವ ಆ ಪುಕ್ಕದ ತುದಿ.